ಈಜಿಪ್ಟಿನ ರಾಜನಿಗೆ ಕೆಲಸ ಏನಿತ್ತು? ಫೇರೋಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನ ಇತಿಹಾಸ ಪುಸ್ತಕದಲ್ಲಿ ಈಜಿಪ್ಟಿಗೆ ಸಿಗುವುದು ಒಂದೆರಡು ಪುಟ. ಪಾಠ ಮುಗಿದ ಮೇಲೆ ಬರುವ ಪ್ರಶ್ನೆಗಳು ಮಾತ್ರ ಮುಗಿಯುವುದಿಲ್ಲ. ಮಕ್ಕಳು ಕೇಳಿದ್ದು, ಅವರ ಅಪ್ಪ ಅಮ್ಮ ಕೇಳಿದ್ದು, ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರು ಕೇಳಿದ್ದು, ಪತ್ರದಲ್ಲಿ ಬಂದದ್ದು ಎಲ್ಲವನ್ನೂ ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳುವಂಥವು ಆಮೇಲೆ. ಎಲ್ಲಿಂದ ಬೇಕಾದರೂ ಓದಲು ಶುರು ಮಾಡಬಹುದು.

### ಮೊದಮೊದಲ ಪ್ರಶ್ನೆಗಳು

ಫೇರೋ ಅಂದ್ರೆ ರಾಜ ಅಂತ ತಾನೇ ಅರ್ಥ?

ಅಲ್ಲ, ಮನೆ ಅಂತ ಅರ್ಥ. 'ಪೆರ್-ಆ' ಎಂದರೆ ದೊಡ್ಡ ಮನೆ. ಮೊದಲಿಗೆ ಅದು ಅರಮನೆಯ ಹೆಸರು. ಕ್ರಿ.ಪೂ. 15-14ನೇ ಶತಮಾನದ ಹೊತ್ತಿಗೆ ಆ ಹೆಸರು ಒಳಗಿದ್ದ ರಾಜನಿಗೂ ಅಂಟಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ಗೌಡರ ಹೆಸರು ಹಿಡಿಯದೆ 'ದೊಡ್ಮನೆಯವರು' ಅನ್ನುತ್ತಾರಲ್ಲ, ಅದೇ ಲೆಕ್ಕ. ಅಂದರೆ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫುವನ್ನು ಅವನ ಕಾಲದಲ್ಲಿ ಯಾರೂ ಫೇರೋ ಎಂದು ಕರೆದಿರಲಿಲ್ಲ.

ರಾಜನಿಗೆ ಇದ್ದ ಹಳೆಯ ಪದ 'ನೆಸು-ಬಿತಿ'. ಜೊಂಡಿನವನು, ಜೇನುಹುಳದವನು ಎಂದು ಅರ್ಥ. ಜೊಂಡು ದಕ್ಷಿಣ ಈಜಿಪ್ಟಿನ ಗುರುತು, ಜೇನುಹುಳ ಉತ್ತರದ್ದು. ಕನ್ನಡ ಬೈಬಲ್ಲಿನ 'ಫರೋಹ' ಮತ್ತು ಕುರಾನಿನ 'ಫಿರ್‌ಔನ್' ಎರಡೂ ಇದೇ ದೊಡ್ಡಮನೆಯ ಮಕ್ಕಳು.

ಮೊದಲ ರಾಜ ಯಾರು? ಒಟ್ಟು ಎಷ್ಟು ವರ್ಷ ಆಳಿದರು?

ಸಾಮಾನ್ಯವಾಗಿ ಹೇಳುವ ಹೆಸರು ನಾರ್ಮರ್. ಕಾಲ ಸುಮಾರು ಕ್ರಿ.ಪೂ. 3100. ಅವನ ಹೆಸರಿರುವ ಕಲ್ಲಿನ ಹಲಗೆಯೊಂದು ಕೈರೋ ಮ್ಯೂಸಿಯಂನಲ್ಲಿದೆ. ಒಂದು ಬದಿಯಲ್ಲಿ ಅವನ ತಲೆ ಮೇಲೆ ದಕ್ಷಿಣದ ಬಿಳಿ ಕಿರೀಟ, ಇನ್ನೊಂದು ಬದಿಯಲ್ಲಿ ಉತ್ತರದ ಕೆಂಪು ಕಿರೀಟ. ಎರಡು ನಾಡು, ಒಬ್ಬ ರಾಜ ಎನ್ನುವುದು ಅಲ್ಲಿಂದ ಶುರು. ಕೊನೆ ಎಂದರೆ ಕ್ರಿ.ಪೂ. 30, ಕ್ಲಿಯೋಪಾತ್ರ ಸತ್ತ ವರ್ಷ.

ಇಷ್ಟು ಉದ್ದದ ಕಾಲವನ್ನು 30 ರಾಜವಂಶಗಳಾಗಿ ಪಾಲು ಮಾಡಿದವನು ಮನೆಥೋ ಎಂಬ ಈಜಿಪ್ಟಿನ ಅರ್ಚಕ, ಕ್ರಿ.ಪೂ. 3ನೇ ಶತಮಾನದಲ್ಲಿ. ನಾವು ಇನ್ನೂ ಅವನ ಲೆಕ್ಕವನ್ನೇ ಹಿಡಿದು ಹೋಗುತ್ತಿದ್ದೇವೆ. ಎಷ್ಟು ಉದ್ದ ಎಂದು ಮನಸ್ಸಿಗೆ ಬರಬೇಕಾದರೆ ಇದನ್ನು ಕೇಳಿ: ಕ್ರಿ.ಪೂ. 13ನೇ ಶತಮಾನದ ರಾಜ ರಾಮ್ಸೆಸ್ 2ರ ಮಗ ಖಎಮ್‌ವಾಸೆತ್ ಸಕ್ಕಾರದಲ್ಲಿ ಹಾಳುಬಿದ್ದ ಪಿರಮಿಡ್‌ಗಳನ್ನು ರಿಪೇರಿ ಮಾಡಿಸಿ, ಅವುಗಳ ಮೇಲೆ ಹಳೆಯ ಒಡೆಯರ ಹೆಸರು ಬರೆಸಿದ್ದ. ಅದರಲ್ಲಿ ಒಂದಕ್ಕೆ ಆಗಲೇ ಸಾವಿರ ವರ್ಷ ದಾಟಿತ್ತು. ಪ್ರಾಚೀನ ಈಜಿಪ್ಟಿನವರಿಗೂ ಒಂದು ಪ್ರಾಚೀನ ಈಜಿಪ್ಟ್ ಇತ್ತು.

ರಾಜ ದೇವರೇ ಅಂತ ಜನ ನಿಜವಾಗ್ಲೂ ನಂಬಿದ್ದರಾ?

ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು. ನನ್ನ ಉತ್ತರ: ಗದ್ದುಗೆ ದೇವರದು, ಕೂತವನು ಮನುಷ್ಯ. ಇದು ಅವರಿಗೂ ಚೆನ್ನಾಗಿ ಗೊತ್ತಿತ್ತು.

ಬದುಕಿರುವ ರಾಜ ಹೋರಸ್ ದೇವರ ರೂಪ. ಸತ್ತ ಮೇಲೆ ಸತ್ತವರ ಲೋಕದ ಒಡೆಯ ಒಸಿರಿಸ್. 4ನೇ ರಾಜವಂಶದಿಂದ ಅವನು ಸೂರ್ಯದೇವ ರಾನ ಮಗನೂ ಹೌದು. ಪಟ್ಟ ಕಟ್ಟಿದ ಕೂಡಲೇ ಆ ಶಕ್ತಿ ಅವನೊಳಗೆ ಬರುತ್ತದೆ ಎಂದು ನಂಬಿಕೆ. ಆದರೆ ಅದೇ ಜನ ರಾಜರ ಮೇಲೆ ತಮಾಷೆಯ ಕಥೆಗಳನ್ನೂ ಕಟ್ಟಿದ್ದರು. ಒಂದು ಕಥೆಯಲ್ಲಿ ರಾಜ ರಾತ್ರಿ ಹೊತ್ತು ಒಬ್ಬನೇ ಕದ್ದು ತನ್ನ ಸೇನಾಪತಿಯ ಮನೆಗೆ ಹೋಗುತ್ತಾನೆ, ಹಿಂದೆಯೇ ಒಬ್ಬ ಪತ್ತೆ ಹಚ್ಚುತ್ತಾ ನಡೆಯುತ್ತಾನೆ. ದೇವರ ಬಗ್ಗೆ ಹೀಗೆ ಬರೆಯುತ್ತಾರಾ? ಅಮೆನೆಮ್ಹಾತ್ 1 ಎಂಬ ರಾಜನ ಬಾಯಲ್ಲಿ ಹೇಳಿಸಿರುವ ಬರಹವೊಂದಿದೆ. ರಾತ್ರಿ ಊಟ ಮುಗಿಸಿ ಒರಗಿದ್ದೆ, ಕಾವಲಿನವರೇ ಮೇಲೆ ಬಿದ್ದರು, ಯಾರನ್ನೂ ನಂಬಬೇಡ ಎಂದು ಅವನು ಮಗನಿಗೆ ಹೇಳುತ್ತಾನೆ.

ಇನ್ನೊಂದು ಕಡೆಯೂ ನೋಡಬೇಕು. ಅಮೆನ್‌ಹೊಟೆಪ್ 1 ಸತ್ತ ಎಷ್ಟೋ ಕಾಲದ ಮೇಲೆ ದೇರ್ ಎಲ್-ಮದೀನಾ ಎಂಬ ಊರಿನ ಕೆಲಸಗಾರರು ಅವನನ್ನು ಊರದೇವರನ್ನಾಗಿ ಮಾಡಿಕೊಂಡರು. ಅವನ ಮೂರ್ತಿಯನ್ನು ಹೊತ್ತು ಮೆರವಣಿಗೆ ಹೊರಟಾಗ 'ನನ್ನ ಬಟ್ಟೆ ಕದ್ದದ್ದು ಇವನೇನಾ?' ಎಂಬಂಥ ಪ್ರಶ್ನೆ ಕೇಳುತ್ತಿದ್ದರು. ಮೂರ್ತಿ ಮುಂದೆ ಬಂದರೆ ಹೌದು, ಹಿಂದೆ ಸರಿದರೆ ಇಲ್ಲ. ನಮ್ಮ ಕಡೆ ದೇವರ ಅಡ್ಡೆ ಹೊತ್ತು ಅಪ್ಪಣೆ ಕೇಳುವುದನ್ನು ನೋಡಿದವರಿಗೆ ಇದು ಅಂಥ ವಿಚಿತ್ರ ಅನ್ನಿಸಲಾರದು.

ಪಿರಮಿಡ್ ಕಟ್ಟಿದ್ದು ಗುಲಾಮರು ಅಲ್ವಾ? ಚಾಟಿಯಲ್ಲಿ ಹೊಡೆದು ಕಟ್ಟಿಸಿದ್ದು?

ಸಿನಿಮಾಗಳು ತಲೆಯಲ್ಲಿ ಕೂರಿಸಿದ ಚಿತ್ರ ಅದು. ಗೀಜಾದಲ್ಲಿ ಕೆಲಸಗಾರರ ಊರನ್ನೇ ಅಗೆದು ತೆಗೆದಿದ್ದಾರೆ. ರೊಟ್ಟಿ ಸುಡುವ ಜಾಗ, ದನ ಕುರಿಗಳ ಮೂಳೆ, ಕೆಲಸಗಾರರ ಸ್ವಂತ ಸಮಾಧಿ ಎಲ್ಲ ಸಿಕ್ಕಿವೆ. ಗುಲಾಮರನ್ನು ರಾಜನ ಪಿರಮಿಡ್ಡಿನ ಬಗಲಲ್ಲೇ ಮರ್ಯಾದೆಯಿಂದ ಹೂಳುವುದಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಸಿಕ್ಕಿತು. ಮೆರೆರ್ ಎಂಬ ಮೇಸ್ತ್ರಿಯ ಲೆಕ್ಕದ ಪುಸ್ತಕ. ಖುಫುವಿನ ಆಳ್ವಿಕೆಯ ಕೊನೆಯ ಕಾಲದ್ದು, ಅಂದರೆ ಸುಮಾರು 4,500 ವರ್ಷ ಹಳೆಯದು. ಸುಮಾರು 40 ಜನರ ಅವನ ತಂಡ ತೂರಾದ ಗಣಿಯಿಂದ ಬಿಳಿ ಸುಣ್ಣಕಲ್ಲನ್ನು ದೋಣಿಗೆ ಹೇರಿ ಗೀಜಾಕ್ಕೆ ತಂದು ಇಳಿಸುತ್ತಿತ್ತು. ಈ ದಿನ ಹೊರಟೆವು, ರಾತ್ರಿ ಇಲ್ಲಿ ತಂಗಿದೆವು, ನಾಳೆ ವಾಪಸ್. ಇಷ್ಟೇ ಬರಹ. ಸುಮ್ನೆ ಓದಿದರೆ ಬೇಜಾರಾಗುತ್ತದೆ, ಏನೆಂದು ಗೊತ್ತಾದ ಮೇಲೆ ಮೈ ಜುಮ್ಮೆನ್ನುತ್ತದೆ.

ಹಾಗಂತ ಎಲ್ಲರೂ ಖುಷಿಯಿಂದ ಬಂದರು ಎಂದಲ್ಲ. ಸರದಿ ಮೇಲೆ ಬಂದು ರಾಜನಿಗೆ ದುಡಿಯಲೇಬೇಕು ಎಂಬ ಕಟ್ಟಳೆ ಇತ್ತು. ನಾವು ಅದನ್ನು ಬಿಟ್ಟಿ ಚಾಕರಿ ಅನ್ನಬಹುದು, ಊಟ ವಸತಿ ಕೊಟ್ಟು ಮಾಡಿಸಿಕೊಂಡ ಬಿಟ್ಟಿ ಚಾಕರಿ.

ರಾಜ ಸತ್ತರೆ ಸೇವಕರನ್ನೂ ಜೊತೆಗೇ ಹೂಳ್ತಿದ್ರಂತೆ, ಹೌದಾ?

ಮೊದಲ ರಾಜವಂಶದಲ್ಲಿ ಹೌದು. ಅಬಿಡೋಸ್‌ನಲ್ಲಿ ಜೆರ್ ಎಂಬ ರಾಜನ ಸಮಾಧಿಯ ಸುತ್ತ 300ಕ್ಕೂ ಹೆಚ್ಚು ಸಣ್ಣ ಗುಂಡಿಗಳಿವೆ. ಎಲ್ಲರನ್ನೂ ಕೊಂದೇ ಹೂತರಾ ಎಂಬುದರ ಮೇಲೆ ವಾದ ಇದೆ. ಆದರೆ ಪದ್ಧತಿ ಬೇಗ ನಿಂತುಹೋಯಿತು. ಪಿರಮಿಡ್ಡಿನ ಕಾಲಕ್ಕೆ ಅದು ಇರಲೇ ಇಲ್ಲ. ಬಹಳ ಕಾಲದ ಮೇಲೆ ಸತ್ತವರ ಜೊತೆ 'ಶಬ್ತಿ' ಎಂಬ ಪುಟ್ಟ ಬೊಂಬೆಗಳನ್ನು ಇಡತೊಡಗಿದರು. ಆ ಲೋಕದಲ್ಲಿ ಕೆಲಸಕ್ಕೆ ಕರೆದರೆ ಬೊಂಬೆ ಎದ್ದು 'ನಾನಿದ್ದೇನೆ' ಅನ್ನಬೇಕು. ಟುಟನ್‌ಖಾಮನ್ ಸಮಾಧಿಯಲ್ಲಿ ಇಂಥ ಬೊಂಬೆಗಳು 400ಕ್ಕೂ ಹೆಚ್ಚು.

### ರಾಜ ಮಾಡಬೇಕಿದ್ದ ಕೆಲಸ

ಒಂದೇ ಮಾತಲ್ಲಿ ಹೇಳಿ, ರಾಜನ ಕೆಲಸ ಏನು?

ಮಆತ್ ಕಾಯುವುದು. ಒಂದೇ ಮಾತು ಕೇಳಿದ್ದಕ್ಕೆ ಹೇಳಿದೆ, ಆದರೆ ಈ ಪದಕ್ಕೆ ಸರಿಯಾದ ಕನ್ನಡ ಹೇಳುವುದು ಕಷ್ಟ. ಸತ್ಯ, ನ್ಯಾಯ, ಎಲ್ಲವೂ ಇರಬೇಕಾದ ಹಾಗೆ ಇರುವುದು, ಎಲ್ಲ ಸೇರಿ ಮಆತ್. ಸೂರ್ಯ ಹೊತ್ತಿಗೆ ಹುಟ್ಟುವುದೂ ಮಆತ್, ತಕ್ಕಡಿ ಸರಿ ತೂಗುವುದೂ ಮಆತ್. ತಲೆ ಮೇಲೆ ಉಷ್ಟ್ರಪಕ್ಷಿಯ ಗರಿ ಸಿಕ್ಕಿಸಿಕೊಂಡ ದೇವತೆಯಾಗಿ ಅವಳನ್ನು ಬಿಡಿಸುತ್ತಿದ್ದರು. ಇದಕ್ಕೆ ಎದುರು ಇಸ್ಫೆತ್, ಅಂದರೆ ಗೊಂದಲ, ಅನ್ಯಾಯ.

ದೇವಸ್ಥಾನದ ಗೋಡೆಗಳಲ್ಲಿ ರಾಜ ಅಂಗೈ ಮೇಲೆ ಪುಟ್ಟ ಮಆತ್ ಮೂರ್ತಿಯನ್ನು ಇಟ್ಟುಕೊಂಡು ದೇವರಿಗೆ ಒಪ್ಪಿಸುವ ಚಿತ್ರ ಬರುತ್ತದೆ. ಹೊಣೆ ಒಪ್ಪಿಕೊಂಡೆ, ನಡೆಸಿದೆ, ಇಗೋ ಲೆಕ್ಕ ಎಂದ ಹಾಗೆ. ನನಗಂತೂ ಅದು ರಾಜನು ದೇವರಿಗೆ ಒಪ್ಪಿಸುತ್ತಿರುವ ವರದಿಯಂತೆ ಕಾಣುತ್ತದೆ.

ದೇವಸ್ಥಾನದ ಗೋಡೆ ತುಂಬಾ ರಾಜನೇ ಪೂಜೆ ಮಾಡ್ತಿರ್ತಾನೆ. ಅರ್ಚಕರು ಏನು ಮಾಡ್ತಿದ್ರು?

ಪೂಜೆಯನ್ನು ಅವರೇ ಮಾಡುತ್ತಿದ್ದರು. ಲೆಕ್ಕದಲ್ಲಿ ಇಡೀ ದೇಶಕ್ಕೆ ಅರ್ಚಕ ಒಬ್ಬನೇ, ರಾಜ. ದಿನಾ ಬೆಳಗ್ಗೆ ನೂರಾರು ಗುಡಿಗಳಲ್ಲಿ ಬಾಗಿಲು ತೆಗೆದು, ಮೂರ್ತಿಯನ್ನು ತೊಳೆದು, ಬಟ್ಟೆ ಉಡಿಸಿ, ಎಡೆ ಇಡಲು ಒಬ್ಬನಿಂದ ಆಗುತ್ತದಾ? ಅದಕ್ಕೇ ಅರ್ಚಕರು ಅವನ ಪರವಾಗಿ ಮಾಡುತ್ತಿದ್ದರು. ಬಾಗಿಲ ಮುದ್ರೆ ಒಡೆಯುವಾಗ 'ನನ್ನನ್ನು ಕಳಿಸಿದವನು ರಾಜ' ಎಂದು ಹೇಳಿ ಒಳಗೆ ಹೋಗುವ ವಿಧಿಯೂ ಇತ್ತು. ಗೋಡೆಯ ಮೇಲೆ ಮಾತ್ರ ಯಜಮಾನನ ಚಿತ್ರ.

ನೈಲ್ ನೀರು, ಕಾಲುವೆ ಎಲ್ಲ ರಾಜನೇ ನೋಡ್ಕೋತಿದ್ದನಾ?

ಜಾಸ್ತಿ ಜನ ಹಾಗೆ ಅಂದುಕೊಂಡಿದ್ದಾರೆ. ನೈಲ್ ತಾನೇ ಬೇಸಿಗೆಯಲ್ಲಿ ಉಕ್ಕುತ್ತಿತ್ತು, ಹೊಲ ತುಂಬಿ ಮೆಕ್ಕಲು ಬಿಟ್ಟು ಇಳಿಯುತ್ತಿತ್ತು. ನೀರನ್ನು ತಡೆದು ನಿಲ್ಲಿಸುವ ಬದುಗಳನ್ನು ಆಯಾ ಊರಿನವರೇ ನೋಡಿಕೊಳ್ಳುತ್ತಿದ್ದರು. ಫಯೂಮ್‌ನಂಥ ಕೆಲವು ಕಡೆ ರಾಜರು ದೊಡ್ಡ ಕೆಲಸ ಮಾಡಿಸಿದ್ದುಂಟು. ಅರಮನೆ ತಪ್ಪದೆ ಮಾಡುತ್ತಿದ್ದದ್ದು ನೀರಿನ ಎತ್ತರ ಅಳೆದು ಬರೆದಿಡುವುದು. ಬೆಳೆ ಎಷ್ಟು ಬರುತ್ತದೆ ಎಂದು ಅದರಲ್ಲಿ ಗೊತ್ತಾಗುತ್ತಿತ್ತು.

ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂನಲ್ಲಿ ನಾರ್ಮರ್‌ನ ಕಾಲದ ಆಸುಪಾಸಿನ ಒಂದು ಕಲ್ಲಿನ ಗದೆಯ ತಲೆ ಇದೆ. ಅದರಲ್ಲಿ ಚೇಳಿನ ಗುರುತಿರುವ ರಾಜ ಕಿರೀಟ ಹಾಕಿಕೊಂಡು ಕೈಯಲ್ಲಿ ಗುದ್ದಲಿ ಹಿಡಿದು ನಿಂತಿದ್ದಾನೆ. ಮುಂದೆ ಒಬ್ಬ ಬುಟ್ಟಿ ಹಿಡಿದು ಬಗ್ಗಿದ್ದಾನೆ. ಗುದ್ದಲಿ ಪೂಜೆಗೆ 5,000 ವರ್ಷದ ಇತಿಹಾಸ ಇದೆ ನೋಡಿ.

ನೀರು ಬಾರದಿದ್ದರೆ ಮಾತ್ರ ರಾಜನ ಮರ್ಯಾದೆ ಹೋಗುತ್ತಿತ್ತು. ಕ್ರಿ.ಪೂ. 2100ರ ಸುಮಾರಿಗೆ ಬರದ ಕಾಲದಲ್ಲಿ ಅಂಖ್‌ತಿಫಿ ಎಂಬ ಪ್ರಾಂತ್ಯದ ಅಧಿಕಾರಿ ತನ್ನ ಸಮಾಧಿಯಲ್ಲಿ ಕೆತ್ತಿಸಿಕೊಂಡಿದ್ದಾನೆ: ಹಸಿದವರಿಗೆ ಅನ್ನ ಕೊಟ್ಟವನು ನಾನು, ಬಟ್ಟೆ ಇಲ್ಲದವರಿಗೆ ಬಟ್ಟೆ ಕೊಟ್ಟವನು ನಾನು. ಉದ್ದಕ್ಕೂ ನಾನು, ನಾನು. ರಾಜನ ಹೆಸರು ಅಲ್ಲಿ ಎಲ್ಲೋ ಒಂದು ಮೂಲೆಯಲ್ಲಿದೆ.

ದುಡ್ಡೇ ಇಲ್ಲದ ಕಾಲದಲ್ಲಿ ತೆರಿಗೆ ಹೇಗೆ ತಗೋತಿದ್ರು?

ಕಾಳಿನಲ್ಲಿ, ದನದಲ್ಲಿ, ಬಟ್ಟೆಯಲ್ಲಿ, ಮೈ ದುಡಿಮೆಯಲ್ಲಿ. ಪಿರಮಿಡ್ ಕಾಲದಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ದನಗಳ ಎಣಿಕೆ ನಡೆಯುತ್ತಿತ್ತು. ಎಷ್ಟು ಮುಖ್ಯ ಎಂದರೆ ವರ್ಷಗಳನ್ನೇ 'ಇಂಥ ರಾಜನ ಇಷ್ಟನೇ ದನದೆಣಿಕೆಯ ವರ್ಷ' ಎಂದು ಕರೆಯುತ್ತಿದ್ದರು. ಥೀಬ್ಸ್‌ನ ಮೆನ್ನಾ ಎಂಬ ಅಧಿಕಾರಿಯ ಸಮಾಧಿಯಲ್ಲಿ ಹಗ್ಗ ಹಿಡಿದು ಹೊಲ ಅಳೆಯುವವರ ಚಿತ್ರವಿದೆ, ಬಾಕಿ ಉಳಿಸಿಕೊಂಡವರಿಗೆ ಏಟು ಬೀಳುವುದೂ ಇದೆ.

ಬಂದ ಕಾಳು ಅರಮನೆ ಮತ್ತು ದೇವಸ್ಥಾನದ ಕಣಜಕ್ಕೆ. ಅಲ್ಲಿಂದ ಸಂಬಳವಾಗಿ ಹೊರಗೆ. ರಾಜರ ಸಮಾಧಿ ಕೊರೆಯುವ ಕೆಲಸಗಾರನಿಗೆ ತಿಂಗಳಿಗೆ 4 ಮೂಟೆ ಗೋಧಿ, ಒಂದೂವರೆ ಮೂಟೆ ಬಾರ್ಲಿ. ಗೋಧಿ ರೊಟ್ಟಿಗೆ, ಬಾರ್ಲಿ ಬಿಯರಿಗೆ.

ಇಷ್ಟು ದೊಡ್ಡ ದೇಶ ಒಬ್ಬ ಹೇಗೆ ಸಂಭಾಳಿಸಿದ?

ಒಬ್ಬ ಸಂಭಾಳಿಸಲಿಲ್ಲ. ಅವನ ಕೆಳಗೆ ಮುಖ್ಯಮಂತ್ರಿಯಂಥ ಒಬ್ಬ ಅಧಿಕಾರಿ, ನಾವು ವಜೀರ ಅನ್ನೋಣ. ಅವನ ಕೆಳಗೆ ಪ್ರಾಂತ್ಯಗಳು, ಪೂರ್ತಿ ಲೆಕ್ಕಕ್ಕೆ 42. ಎಲ್ಲ ಕಡೆ ಬರೆಯುವವರು. ತುತ್ಮೋಸ್ 3ರ ವಜೀರ ರೆಖ್ಮಿರೆಯ ಸಮಾಧಿಯಲ್ಲಿ ಈ ಹುದ್ದೆಯ ಕೆಲಸಗಳ ಪಟ್ಟಿಯೇ ಇದೆ. ದಿನಾ ಬೆಳಗ್ಗೆ ರಾಜನಿಗೆ ವರದಿ, ಖಜಾಂಚಿಯನ್ನು ಕಂಡು ಎಲ್ಲ ಸರಿಯಿದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು, ಆಮೇಲೆ ದೂರು ಕೇಳುವುದು. ಹುದ್ದೆ ಕೊಡುವಾಗ ರಾಜ ಆಡುವ ಮಾತು ನನಗೆ ಬಹಳ ಇಷ್ಟ: ವಜೀರನಾಗುವುದು ಸಿಹಿಯಲ್ಲ, ಪಿತ್ತದಷ್ಟು ಕಹಿ.

ಕೆಳಗಿನವರು ತಿನ್ನುವುದು ಆಗಲೂ ಇತ್ತು. ಹೊರೆಮ್ಹೆಬ್ ಎಂಬ ರಾಜ ಕಾರ್ನಾಕ್‌ನಲ್ಲಿ ಒಂದು ಶಾಸನ ಹಾಕಿಸಿದ. ಬಡವರ ದೋಣಿ ಕಸಿದುಕೊಳ್ಳುವ ಅಧಿಕಾರಿಯ ಮೂಗು ಕೊಯ್ದು ಗಡಿಯ ಕೋಟೆಗೆ ಅಟ್ಟಬೇಕು, ರೈತರ ದನದ ಚರ್ಮ ಹೊತ್ತೊಯ್ಯುವ ಸೈನಿಕನಿಗೆ 100 ಏಟು. ಇಂಥ ಶಾಸನ ಯಾಕೆ ಬೇಕಾಯಿತು ಎಂದು ಯೋಚಿಸಿದರೆ ಆಗಿನ ಆಡಳಿತ ಹೇಗಿತ್ತು ಎಂದೂ ಗೊತ್ತಾಗುತ್ತದೆ.

ಯುದ್ಧಕ್ಕೆ ರಾಜ ಸ್ವತಃ ಹೋಗ್ತಿದ್ದನಾ? ಗೋಡೆ ಮೇಲೆ ಬರೆದದ್ದನ್ನೆಲ್ಲ ನಂಬಬಹುದಾ?

ಎಷ್ಟೋ ಜನ ಹೋಗಿದ್ದಾರೆ. ಹೊರಗಿನಿಂದ ಬಂದ ಹಿಕ್ಸೋಸರು ಉತ್ತರ ಈಜಿಪ್ಟನ್ನು ಆಳುತ್ತಿದ್ದ ಕಾಲದ ಸೆಕೆನೆನ್ರೆ ತಾವೋ ಎಂಬ ರಾಜನ ಮಮ್ಮಿ ನೋಡಿ, ತಲೆಬುರುಡೆ ತುಂಬಾ ಕೊಡಲಿ ಏಟು. ಅವನು ಮನೆಯಲ್ಲಿ ಮಲಗಿ ಸತ್ತವನಲ್ಲ. ತುತ್ಮೋಸ್ 3 ಮೆಗಿದ್ದೋ ಯುದ್ಧದಲ್ಲಿ, ಅಧಿಕಾರಿಗಳು ಬೇಡವೆಂದರೂ ಇಕ್ಕಟ್ಟಾದ ಕಣಿವೆಯ ದಾರಿಯಲ್ಲೇ ಸೈನ್ಯ ನುಗ್ಗಿಸಿದ. ಶತ್ರು ಬೇರೆ ದಾರಿ ಕಾಯುತ್ತಿದ್ದ, ಗೆಲುವಾಯಿತು.

ಗೋಡೆಯನ್ನು ನಂಬುವುದು ಬೇರೆ ವಿಷಯ. ಕ್ರಿ.ಪೂ. 1274ರ ಕಾದೇಶ್ ಯುದ್ಧ ಇದಕ್ಕೆ ಒಳ್ಳೆಯ ಉದಾಹರಣೆ. ಶತ್ರು ದೂರದಲ್ಲಿದ್ದಾನೆ ಎಂದ ಇಬ್ಬರ ಮಾತು ನಂಬಿ ರಾಮ್ಸೆಸ್ 2 ಮುಂದೆ ಹೋಗಿಬಿಟ್ಟ. ಶತ್ರುಗಳಾದ ಹಿಟ್ಟೈಟರ (ಈಗಿನ ಟರ್ಕಿಯ ಕಡೆಯವರು) ಸೈನ್ಯ ಕಾದೇಶ್ ಕೋಟೆಯ ಹಿಂದೆಯೇ ಅಡಗಿತ್ತು. ಹೇಗೋ ಪಾರಾದ. ಕಾದೇಶ್ ಮಾತ್ರ ಕೈಗೆ ಸಿಗಲಿಲ್ಲ. ಊರಿಗೆ ಬಂದು ಅಬೂ ಸಿಂಬೆಲ್, ಲಕ್ಸರ್, ಅಬಿಡೋಸ್ ಎಲ್ಲ ಕಡೆ ತಾನೊಬ್ಬನೇ ಸಾವಿರಾರು ರಥಗಳನ್ನು ಅಟ್ಟಿದ ಚಿತ್ರ ಬರೆಸಿದ! ಸುಮಾರು 15 ವರ್ಷದ ಮೇಲೆ ಇಬ್ಬರೂ ಒಪ್ಪಂದ ಮಾಡಿಕೊಂಡರು. ಅದರ ಪ್ರತಿ ಎರಡೂ ಕಡೆ ಸಿಕ್ಕಿದೆ.

ಸುಳ್ಳು ಹೇಳಿದ ಅಂತ ಬೈಯುವ ಮೊದಲು ಒಂದು ಮಾತು. ದೇವಸ್ಥಾನದ ಗೋಡೆ ಸುದ್ದಿ ಪತ್ರಿಕೆಯಲ್ಲ. ರಾಜ ಗೆಲ್ಲಲೇಬೇಕು, ಗೊಂದಲ ಸೋಲಲೇಬೇಕು. ನಡೆದದ್ದಕ್ಕಿಂತ ನಡೆಯಬೇಕಾದದ್ದನ್ನು ಅಲ್ಲಿ ಕೆತ್ತುತ್ತಿದ್ದರು.

### ಗದ್ದುಗೆ ಮತ್ತು ಅದರ ಮೇಲೆ ಕೂತವರು

ರಾಜನಾಗೋಕೆ ರಾಜನ ಮಗನೇ ಆಗಿರಬೇಕಿತ್ತಾ?

ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ದಾರಿ ಇತ್ತು. ಸತ್ತ ರಾಜನ ಅಂತ್ಯಕ್ರಿಯೆ ಮಾಡಿದವನೇ ವಾರಸುದಾರ ಎಂಬ ಭಾವನೆ ಗಟ್ಟಿಯಾಗಿತ್ತು. ಟುಟನ್‌ಖಾಮನ್ ಮಕ್ಕಳಿಲ್ಲದೆ ಸುಮಾರು 19ನೇ ವಯಸ್ಸಿಗೆ ಸತ್ತ. ಅವನ ಸಮಾಧಿಯ ಗೋಡೆಯ ಮೇಲೆ 'ಬಾಯಿ ತೆರೆಸುವ' ವಿಧಿ ಮಾಡುತ್ತಿರುವವನು ಅಯ್ ಎಂಬ ವಯಸ್ಸಾದ ಅಧಿಕಾರಿ, ತಲೆ ಮೇಲೆ ಆಗಲೇ ರಾಜರ ನೀಲಿ ಕಿರೀಟ. ಅಯ್ ಆದಮೇಲೆ ಬಂದ ಹೊರೆಮ್ಹೆಬ್ ಸೇನಾಪತಿ. ಅವನಿಗೂ ಮಕ್ಕಳಿಲ್ಲ, ತನ್ನ ಜೊತೆಗಾರನಿಗೆ ಬಿಟ್ಟುಕೊಟ್ಟ. ಆ ಜೊತೆಗಾರನೇ ರಾಮ್ಸೆಸ್ 1. ದೇಶದ ಅತಿ ಹೆಸರಾದ ರಾಜಮನೆತನ ಶುರುವಾದದ್ದು ಹೀಗೆ.

ಹೆಣ್ಣುಮಕ್ಕಳು ಫೇರೋ ಆಗಬಹುದಿತ್ತಾ?

ಆಗಿದ್ದಾರೆ. ಸೊಬೆಕ್‌ನೆಫೆರು, ಹ್ಯಾಟ್‌ಶೆಪ್ಸುತ್, ತೌಸ್ರೆತ್, ಕೊನೆಗೆ ಕ್ಲಿಯೋಪಾತ್ರ. ತೊಂದರೆ ಇದ್ದದ್ದು ಭಾಷೆಯಲ್ಲೇ. ರಾಣಿ ಎನ್ನಲು ಇದ್ದ ಪದಕ್ಕೆ 'ರಾಜನ ಹೆಂಡತಿ' ಎಂದು ಅರ್ಥ. ಆಳುವ ಹೆಣ್ಣಿಗೆ ಪದವೇ ಇಲ್ಲ. ಹಾಗಾಗಿ ಹ್ಯಾಟ್‌ಶೆಪ್ಸುತ್ ರಾಜನೇ ಆದಳು. ಚಿತ್ರಗಳಲ್ಲಿ ಕಟ್ಟಿಕೊಂಡ ಗಡ್ಡ, ಗಂಡಸಿನ ಮೈಕಟ್ಟು. ಪಕ್ಕದ ಬರಹದಲ್ಲಿ ಮಾತ್ರ ಎಷ್ಟೋ ಕಡೆ 'ಅವಳು' ಎಂದೇ ಇದೆ. ಯಾರಿಗೂ ಮೋಸ ಮಾಡುವ ಉದ್ದೇಶ ಇರಲಿಲ್ಲ. ಗದ್ದುಗೆಗೆ ಒಂದು ವೇಷ ಇತ್ತು, ಅವಳು ಅದನ್ನು ತೊಟ್ಟಳು.

ಸುಮಾರು 20 ವರ್ಷ ಆಳಿದಳು, ಪುಂಟ್ ದೇಶಕ್ಕೆ ಹಡಗು ಕಳಿಸಿ ಧೂಪದ ಮರಗಳನ್ನು ಬೇರು ಸಮೇತ ತರಿಸಿದಳು. ಅವಳ ಹೆಸರನ್ನು ಮಲಮಗ ತುತ್ಮೋಸ್ 3 ಕೆತ್ತಿ ಅಳಿಸಿದ್ದು ನಿಜ. ಆದರೆ ಅವಳು ಸತ್ತು ಎಷ್ಟೋ ವರ್ಷದ ಮೇಲೆ. ಬರೀ ಸಿಟ್ಟಾಗಿದ್ದರೆ ಅಷ್ಟು ಕಾಯುತ್ತಿರಲಿಲ್ಲ.

ಅಣ್ಣ ತಂಗಿನೇ ಮದುವೆ ಆಗ್ತಿದ್ರಂತೆ?

ಅರಮನೆಯಲ್ಲಿ ಕೆಲವೊಮ್ಮೆ. ಒಸಿರಿಸ್ ಮತ್ತು ಐಸಿಸ್ ಅಣ್ಣ ತಂಗಿಯಾಗಿದ್ದು ಗಂಡ ಹೆಂಡತಿಯಾದ ದೇವರುಗಳು, ರಾಜರು ಅವರ ದಾರಿ ಹಿಡಿದರು. 2010ರ ಡಿಎನ್‌ಎ ಪರೀಕ್ಷೆ ಪ್ರಕಾರ ಟುಟನ್‌ಖಾಮನ್‌ನ ಅಪ್ಪ ಅಮ್ಮ ಒಡಹುಟ್ಟಿದವರು. ಊರಿನ ಜನ ಹಾಗಿರಲಿಲ್ಲ. ಅವರ ಪ್ರೇಮಗೀತೆಗಳಲ್ಲಿ 'ತಂಗಿ' ಎಂದರೆ ನಲ್ಲೆ, ಅದನ್ನು ಓದಿ ಮೊದಮೊದಲು ಬೇಸ್ತು ಬಿದ್ದವರು ಬಹಳ.

ಸಣ್ಣ ಮಗು ರಾಜನಾದರೆ ಆಡಳಿತ ಯಾರದು?

ತಾಯಿಯದು, ಇಲ್ಲವೇ ದೊಡ್ಡ ಅಧಿಕಾರಿಗಳದು. ಪೆಪಿ 2 ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಒಂದು ಮೂರ್ತಿ ಇದೆ. ತಾಯಿಯ ತೊಡೆ ಮೇಲೆ ಪೆಪಿ, ಗಾತ್ರದಲ್ಲಿ ಕೂಸು, ವೇಷದಲ್ಲಿ ಪೂರಾ ರಾಜ.

ಇವನು ಬರೆಸಿದ ಒಂದು ಪತ್ರ ನಮಗೆ ಸಿಕ್ಕಿದೆ. ಹರ್ಖುಫ್ ಎಂಬ ಅಧಿಕಾರಿ ದಕ್ಷಿಣದ ದೂರದೇಶದಿಂದ ಕುಣಿಯುವ ಕುಳ್ಳನೊಬ್ಬನನ್ನು ಕರೆತರುತ್ತಿದ್ದೇನೆ ಎಂದು ತಿಳಿಸಿದ್ದ. ಹುಡುಗನಿಗೆ ತಡೆದುಕೊಳ್ಳಲು ಆಗಲಿಲ್ಲ. ಬೇಗ ಬಾ. ದೋಣಿಯಲ್ಲಿ ಅವನ ಎರಡೂ ಬದಿಗೆ ಜನ ನಿಲ್ಲಿಸು, ನೀರಿಗೆ ಬಿದ್ದಾನು. ರಾತ್ರಿ ಅವನು ಮಲಗಿದಾಗ ಹತ್ತು ಸಲ ಎದ್ದು ನೋಡಲಿ. ಸಿನಾಯಿ, ಪುಂಟ್‌ಗಳ ಕಾಣಿಕೆಗಿಂತ ನನಗೆ ಅವನನ್ನು ನೋಡುವ ಆಸೆ. ಹರ್ಖುಫ್‌ಗೆ ಎಷ್ಟು ಹೆಮ್ಮೆಯೆಂದರೆ ಆ ಪತ್ರವನ್ನು ಅಸ್ವಾನ್‌ನಲ್ಲಿರುವ ತನ್ನ ಸಮಾಧಿಯ ಮುಂಗೋಡೆಯಲ್ಲಿ ಕೆತ್ತಿಸಿಕೊಂಡ. ಹೋರಸ್ ದೇವರ ರೂಪವೇ ಆದರೂ ಬರೆದದ್ದು ಎಂಟು ವರ್ಷದ ಆಸುಪಾಸಿನ ಹುಡುಗ.

ವಯಸ್ಸಾದ ರಾಜನಿಗೆ ರಿಟೈರ್‌ಮೆಂಟ್ ಇತ್ತಾ?

ಇಲ್ಲ, ರಿನ್ಯೂವಲ್ ಇತ್ತು. ಸಾಮಾನ್ಯವಾಗಿ 30 ವರ್ಷ ಆಳಿದ ಮೇಲೆ 'ಸೆದ್' ಹಬ್ಬ. ರಾಜ ಎರಡು ಗಡಿಕಲ್ಲುಗಳ ನಡುವೆ ಓಡಿ ಮೈಯಲ್ಲಿ ಇನ್ನೂ ಕಸುವಿದೆ ಎಂದು ತೋರಿಸಬೇಕು, ಮತ್ತೆ ಕಿರೀಟ ಇಡುತ್ತಾರೆ. ಸಕ್ಕಾರದಲ್ಲಿ ಜೋಸರ್‌ನ ಮೆಟ್ಟಿಲು ಪಿರಮಿಡ್ಡಿನ ಎದುರು ಈ ಓಟದ ಅಂಗಳ ಈಗಲೂ ಇದೆ, ಸತ್ತ ಮೇಲೂ ಓಡಲಿ ಎಂದು. 66 ವರ್ಷ ಆಳಿದ ರಾಮ್ಸೆಸ್ 2 ಈ ಹಬ್ಬವನ್ನು ಹತ್ತಕ್ಕೂ ಹೆಚ್ಚು ಸಲ ಮಾಡಿಕೊಂಡ. ಅವನ ಮಮ್ಮಿಯಲ್ಲಿ ಸಂಧಿವಾತ ಕಂಡುಬಂದಿದೆ. ಕೊನೆಕೊನೆಯ ಓಟಗಳು ಹೇಗಿದ್ದವೋ!

ಜನ ರಾಜನ ವಿರುದ್ಧ ತಿರುಗಿ ಬಿದ್ದದ್ದೇ ಇಲ್ವಾ?

ದಾಖಲೆ ಇರುವ ಲೋಕದ ಮೊದಲ ಮುಷ್ಕರ ಈಜಿಪ್ಟಿನದು. ರಾಮ್ಸೆಸ್ 3ರ 29ನೇ ವರ್ಷ, ಕ್ರಿ.ಪೂ. 1157ರ ಸುಮಾರು. ರಾಜರ ಸಮಾಧಿ ಕೊರೆಯುತ್ತಿದ್ದ ದೇರ್ ಎಲ್-ಮದೀನಾದ ಕೆಲಸಗಾರರಿಗೆ ಕಾಳು ಬಂದಿರಲಿಲ್ಲ. ತಿಂಗಳಲ್ಲಿ 18 ದಿನ ಕಳೆದುಹೋಗಿತ್ತು. ಉಪಕರಣ ಕೆಳಗಿಟ್ಟು ಹೊರಟು ದೇವಸ್ಥಾನಗಳ ಹಿಂದೆ ಹೋಗಿ ಕೂತರು. ಹಸಿವು ಬಾಯಾರಿಕೆ ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆ ಇಲ್ಲ, ಎಣ್ಣೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ನಮ್ಮ ಒಡೆಯ ಫೇರೋಗೆ ತಿಳಿಸಿ ಎಂದರು.

ಕೊನೆಯ ಮಾತನ್ನು ಗಮನಿಸಿ. ಫೇರೋ ಬೇಡ ಎಂದು ಅವರು ಹೇಳಲಿಲ್ಲ. ಫೇರೋಗೆ ತಿಳಿದರೆ ಸರಿಹೋಗುತ್ತದೆ ಎಂದರು. ಅನ್ನ ಹಾಕುವುದು ಅವನ ಕೆಲಸ, ಅದನ್ನು ನೆನಪಿಸಿದರು. ಕಾಳು ಬಂತು, ಮತ್ತೆ ತಪ್ಪಿತು, ಮತ್ತೆ ಕೂತರು. ಇದೇ ರಾಜ ದೇವಸ್ಥಾನಗಳಿಗೆ ಕೊಟ್ಟ ದಾನದ ಪಟ್ಟಿ ಬರೆದ ಪಪೈರಸ್ ಸುರುಳಿ 40 ಮೀಟರಿಗೂ ಉದ್ದ ಇದೆ ಎನ್ನುವುದನ್ನೂ ಸೇರಿಸಿ ಹೇಳಬೇಕು.

ಅವನ ಜೀವಕ್ಕೆ ಮುಳುವಾದದ್ದು ಈ ಕೆಲಸಗಾರರಲ್ಲ, ಮನೆಯವರು. ತಿಯೆ ಎಂಬ ಹೆಂಡತಿ ತನ್ನ ಮಗ ಪೆಂತಾವೆರೆಗೆ ಪಟ್ಟ ಸಿಗಲಿ ಎಂದು ಅಂತಃಪುರದಲ್ಲಿ ಸಂಚು ಕಟ್ಟಿದಳು. ವಿಚಾರಣೆಯ ಕಾಗದಗಳು ಉಳಿದಿವೆ. ಕೆಲವು ನ್ಯಾಯಾಧೀಶರೇ ಆರೋಪಿ ಹೆಂಗಸರ ಜೊತೆ ಕುಡಿದು ಕೂತು ಸಿಕ್ಕಿಬಿದ್ದು ಮೂಗು, ಕಿವಿ ಕಳೆದುಕೊಂಡರು. ರಾಜ ಆ ಸಂಚಿನಲ್ಲೇ ಸತ್ತನಾ ಎಂದು ಬಹಳ ಕಾಲ ವಾದ ನಡೆದಿತ್ತು. 2012ರಲ್ಲಿ ಮಮ್ಮಿಯ ಸ್ಕ್ಯಾನ್ ವರದಿ ಬಂತು. ಗಂಟಲು ಮೂಳೆಯವರೆಗೂ ಸೀಳಿತ್ತು.

### ಇನ್ನೂ ಸ್ವಲ್ಪ ಒಳಗೆ

ಒಬ್ಬ ರಾಜನಿಗೆ ಐದು ಹೆಸರು ಯಾಕೆ?

ಹುಟ್ಟಿದಾಗ ಇಟ್ಟದ್ದು ಒಂದೇ, ಉಳಿದ ನಾಲ್ಕು ಪಟ್ಟದ ದಿನ ಬರುತ್ತವೆ. ಅವನ್ನು ಒಟ್ಟಿಗೆ ಓದಿದರೆ ಆ ರಾಜ ಏನು ಮಾಡಲು ಹೊರಟಿದ್ದಾನೆ ಎಂದು ತಿಳಿಯುತ್ತದೆ, ಒಂಥರಾ ಪ್ರಣಾಳಿಕೆ. ಎರಡು ಹೆಸರಿಗೆ ಮಾತ್ರ ಉದ್ದುದ್ದ ಉಂಗುರದಂಥ ಗೆರೆ ಸುತ್ತುತ್ತಾರೆ, ಅದೇ ಕಾರ್ಟೂಷ್. ನಾವು ಕರೆಯುವ 'ಟುಟನ್‌ಖಾಮನ್' ಮನೆಯ ಹೆಸರು. ಅಧಿಕೃತ ಹೆಸರು ನೆಬ್‌ಖೆಪೆರುರೆ. 1, 2, 3 ಎಂಬ ನಂಬರುಗಳನ್ನು ಹಚ್ಚಿದ್ದು ನಾವು, ಅವರಿಗೆ ಗೊತ್ತೇ ಇರಲಿಲ್ಲ.

ದೇವರು ಒಬ್ಬನೇ ಅಂತ ಅಖೆನಾತೆನ್ ರಾಜ ಅಂದ. ಅದಕ್ಕೆ ಯಾಕೆ ಅಷ್ಟು ಸಿಟ್ಟು?

ಅತೆನ್ ಎಂಬ ಸೂರ್ಯಬಿಂಬ ಬಿಟ್ಟು ಬೇರೆ ದೇವರಿಲ್ಲ ಎಂದದ್ದು ಎಲ್ಲರಿಗೂ ಗೊತ್ತು. ರಾಜನ ಕೆಲಸದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಆ ದೇವರನ್ನು ತಿಳಿದವನು ಅಖೆನಾತೆನ್ ಒಬ್ಬನೇ. ಅವನ ಹೊಸ ರಾಜಧಾನಿ ಅಮಾರ್ನಾದ ಮನೆಗಳಲ್ಲಿ ಜನ ಪೂಜಿಸುತ್ತಿದ್ದ ಕಲ್ಲುಗಳಲ್ಲಿ ರಾಜ, ರಾಣಿ ನೆಫೆರ್‌ತಿತಿ, ಅವರ ಹೆಣ್ಣುಮಕ್ಕಳು ಇದ್ದಾರೆ. ಸೂರ್ಯನ ಕಿರಣದ ಕೈಗಳು ಅವರ ಮೇಲೆ. ಊರ ಹಬ್ಬ, ಮೆರವಣಿಗೆ, ಅಪ್ಪಣೆ ಕೇಳುವ ದೇವರು ಎಲ್ಲ ಹೋಯಿತು. ದೇವರಿಗೂ ಜನಕ್ಕೂ ನಡುವೆ ಇದ್ದ ಬಾಗಿಲುಗಳನ್ನೆಲ್ಲ ಮುಚ್ಚಿ ತಾನೊಬ್ಬನೇ ಬಾಗಿಲಾಗಿ ನಿಂತ.

ಸುಮಾರು 17 ವರ್ಷಕ್ಕೆ ಅದು ಮುಗಿಯಿತು. ಆಮೇಲೆ ಬಂದ ಟುಟನ್‌ಖಾಮನ್ ಹೆಸರಿನ ಶಾಸನ ಹೇಳುತ್ತದೆ: ದೇವರುಗಳು ಈ ನಾಡಿಗೆ ಬೆನ್ನು ತಿರುಗಿಸಿದ್ದರು, ಕರೆದರೆ ಬರುತ್ತಿರಲಿಲ್ಲ. ಅಬಿಡೋಸ್‌ನಲ್ಲಿ ಸೇತಿ 1 ಕೆತ್ತಿಸಿದ 76 ರಾಜರ ಪಟ್ಟಿಯಲ್ಲಿ ಅಖೆನಾತೆನ್ ಇಲ್ಲ. ಪಾಪ, ಸರಿಪಡಿಸಲು ಹೊರಟ ಟುಟನ್‌ಖಾಮನ್ ಕೂಡ ಇಲ್ಲ.

ಬೇರೆ ದೇಶದ ರಾಜರು ಇವರನ್ನ ದೇವರು ಅಂತ ಒಪ್ಪಿದ್ದರಾ?

ಎಲ್ಲಿ ಬಂತು! 1887ರಲ್ಲಿ ಅಮಾರ್ನಾದಲ್ಲಿ ಸಿಕ್ಕ ಮಣ್ಣಿನ ಹಲಗೆಗಳು ಸುಮಾರು 380. ಹೆಚ್ಚಿನವು ಅಕ್ಕಾಡಿಯನ್ ಭಾಷೆಯ ಪತ್ರಗಳು. ದೊಡ್ಡ ರಾಜರು ಫೇರೋವನ್ನು 'ಸಹೋದರ' ಎಂದು ಕರೆದು ಚಿನ್ನ ಕೇಳುತ್ತಾರೆ. ನಿಮ್ಮ ದೇಶದಲ್ಲಿ ಚಿನ್ನ ಧೂಳಿನ ಹಾಗೆ ಬಿದ್ದಿದೆ, ಕಳಿಸಲು ಏನು ಕಷ್ಟ ಎನ್ನುವ ಧಾಟಿ. ಬಾಬಿಲೋನಿನ ರಾಜ ಹೆಣ್ಣು ಕೇಳಿದ. ಈಜಿಪ್ಟಿನ ರಾಜಕುಮಾರಿಯನ್ನು ಹೊರಗೆ ಕೊಟ್ಟ ಪದ್ಧತಿ ಇಲ್ಲ ಎಂದು ಉತ್ತರ ಹೋಯಿತು. ಅವನು ಮತ್ತೆ ಬರೆದ: ಯಾರಾದರೂ ಚೆಂದದ ಹುಡುಗಿಯನ್ನು ನಿನ್ನ ಮಗಳೆಂದು ಕಳಿಸು, ಅಲ್ಲ ಅಂತ ಇಲ್ಲಿ ಯಾರು ಹೇಳುತ್ತಾರೆ?

ಮೋಶೆಯ ಕಾಲದ ಫೇರೋ ಯಾರು?

ಬೈಬಲ್ ಅವನ ಹೆಸರು ಹೇಳುವುದಿಲ್ಲ. ರಾಮ್ಸೆಸ್ 2 ಎನ್ನುವುದು ಊಹೆ, ಈಜಿಪ್ಟಿನ ದಾಖಲೆಯಲ್ಲಿ ಆಧಾರ ಇಲ್ಲ. ಇಸ್ರೇಲ್ ಎಂಬ ಹೆಸರು ಅಲ್ಲಿ ಮೊದಲು ಬರುವುದು ಅವನ ಮಗ ಮೆರ್ನೆಪ್ತಾನ ಶಾಸನದಲ್ಲಿ, ಅದೂ ಸೋತವರ ಪಟ್ಟಿಯಲ್ಲಿ.

ನಮ್ಮ ಕಡೆಗೂ ಈಜಿಪ್ಟಿಗೂ ನಂಟು ಇತ್ತಾ? ಅಲ್ಲಿ ಕನ್ನಡ ಸಿಕ್ಕಿದೆಯಂತಲ್ಲ?

ಮೂರು ಸಂಗತಿ ಹೇಳುತ್ತೇನೆ. ಕ್ರಿ.ಪೂ. 1213ರಲ್ಲಿ ಸತ್ತ ರಾಮ್ಸೆಸ್ 2ರ ಮೂಗಿನ ಹೊಳ್ಳೆಗಳಲ್ಲಿ ಕಾಳುಮೆಣಸು ಸಿಕ್ಕಿದೆ. ಮೆಣಸಿನ ಬಳ್ಳಿಯ ತವರು ಪಶ್ಚಿಮ ಘಟ್ಟ. ಎಷ್ಟು ಕೈ ದಾಟಿ ಹೋಯಿತೋ, ಹೋಗಿದ್ದಂತೂ ಹೋಗಿದೆ. ಎರಡನೆಯದು, ಅಶೋಕನ 13ನೇ ಬಂಡೆ ಶಾಸನದಲ್ಲಿ ಬರುವ 'ತುರಮಾಯ' ಎಂಬ ರಾಜ ಈಜಿಪ್ಟನ್ನು ಆಳುತ್ತಿದ್ದ ಗ್ರೀಕ್ ಮನೆತನದ ಟಾಲೆಮಿ 2.

ಮೂರನೆಯದೇ ಎಲ್ಲರೂ ಕೇಳುವುದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನಲ್ಲಿ ಸಿಕ್ಕ ಕ್ರಿ.ಶ. 2ನೇ ಶತಮಾನದ ಒಂದು ಗ್ರೀಕ್ ಪ್ರಹಸನದಲ್ಲಿ ಭಾರತದ ಕರಾವಳಿಯ ರಾಜ ಏನೋ ಒಂದು ಭಾಷೆ ಆಡುತ್ತಾನೆ. ಅದು ಕನ್ನಡ ಎಂದು ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು 1904ರಲ್ಲಿ ವಾದಿಸಿದರು, ನಮ್ಮ ಗೋವಿಂದ ಪೈ ಮುಂದುವರಿಸಿದರು. ತುಳು ಎಂದವರಿದ್ದಾರೆ, ಸುಮ್ನೆ ನಗಿಸಲು ಬರೆದ ಅರ್ಥವಿಲ್ಲದ ಮಾತು ಎಂದವರೂ ಇದ್ದಾರೆ. ನನಗೆ ಅದು ಕನ್ನಡವೇ ಆಗಿರಲಿ ಎಂಬ ಆಸೆ ಇದೆ, ಆಸೆ ಸಾಕ್ಷಿ ಆಗುವುದಿಲ್ಲ. ಹೇಗೂ ಆ ಹೊತ್ತಿಗೆ ಅಲ್ಲಿ ರೋಮನ್ನರ ಆಡಳಿತ.

ಹೊರಗಿನವರು ಗೆದ್ದಾಗ ಈ ರಾಜನ ಪಾತ್ರ ಏನಾಯ್ತು? ಕೊನೆಯ ಫೇರೋ ಯಾರು?

ಗೆದ್ದವರೇ ಆ ವೇಷ ತೊಟ್ಟರು. ಈಗಿನ ಸುಡಾನಿನಿಂದ ಬಂದ ಪಿಯೆ ಕ್ರಿ.ಪೂ. 8ನೇ ಶತಮಾನದಲ್ಲಿ ಈಜಿಪ್ಟ್ ಗೆದ್ದ, ಈಜಿಪ್ಟಿನವರಿಗಿಂತ ಜಾಸ್ತಿ ಮಡಿ ಮಾಡಿದ. ಶರಣಾಗಲು ಬಂದ ದೊರೆಗಳಲ್ಲಿ ಮೀನು ತಿನ್ನುವವರನ್ನು ಅರಮನೆಯೊಳಗೆ ಬಿಡಲಿಲ್ಲ. ಹರ್ಮೊಪೊಲಿಸ್‌ನ ಲಾಯದಲ್ಲಿ ಕುದುರೆಗಳು ಹಸಿದು ಸೊರಗಿದ್ದನ್ನು ಕಂಡು ಅಲ್ಲಿನ ದೊರೆಗೆ ಬೈದ. ನೀನು ಮಾಡಿದ ಬೇರೆಲ್ಲ ತಪ್ಪಿಗಿಂತ ಇದೇ ನನಗೆ ನೋವು ಎಂದ. ಅದನ್ನೆಲ್ಲ ಶಾಸನದಲ್ಲಿ ಬರೆಸಿದ್ದಾನೆ.

ಈಜಿಪ್ಟಿನವನೇ ಆದ ಕೊನೆಯ ಫೇರೋ ನೆಕ್ತಾನೆಬೊ 2, ಕ್ರಿ.ಪೂ. 4ನೇ ಶತಮಾನ. ಆಮೇಲೆ ಪರ್ಷಿಯನ್ನರು, ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್, ಅವನ ಹಿಂದೆ ಟಾಲೆಮಿಗಳು. ಕ್ಲಿಯೋಪಾತ್ರಳ ನಂತರ ರೋಮಿನ ಚಕ್ರವರ್ತಿ ಅಗಸ್ಟಸ್. ಅವನಿಗೆ ಇದರಲ್ಲೆಲ್ಲ ಆಸಕ್ತಿಯೇ ಇರಲಿಲ್ಲ. ಆಪಿಸ್ ಎಂಬ ಪವಿತ್ರ ಹೋರಿಯನ್ನು ನೋಡಲು ಕರೆದಾಗ, ನನಗೆ ದೇವರ ಪೂಜೆ ಗೊತ್ತು, ದನದ್ದಲ್ಲ ಎಂದನಂತೆ.

ಆದರೆ ಗದ್ದುಗೆ ಖಾಲಿ ಬಿಡುವ ಹಾಗಿರಲಿಲ್ಲ. ಅವನ ಕಾಲದಲ್ಲಿ ಕಟ್ಟಿದ ದೆಂದೂರ್ ಗುಡಿ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅಲ್ಲಿರುವ ನಮ್ಮವರು ಹೋದರೆ ಗೋಡೆ ನೋಡಿ. ಫೇರೋ ಕಿರೀಟ ತೊಟ್ಟು, ಕೈ ನೀಡಿ, ಈಜಿಪ್ಟಿನ ದೇವರುಗಳಿಗೆ ಎಡೆ ಇಡುತ್ತಿರುವವನು ಅದೇ ಅಗಸ್ಟಸ್.